ಆಪರೇಷನ್ ದಿನದ ಏಳು ಗುಟುಕು ಹಾಲು

ಚಳಿ ಶುರುವಾದ ಮೇಲೆ ಮೊಸರು ಹೆಪ್ಪಾಗುವುದಕ್ಕೆ ಹಠ ಮಾಡುತ್ತದೆ. ಬೇಸಿಗೆಯಲ್ಲಿ ಸಂಜೆ ಹೆಪ್ಪು ಹಾಕಿದರೆ ಬೆಳಕು ಹರಿಯುವಷ್ಟರಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಈ ದಿನಗಳಲ್ಲಿ ಹೊತ್ತೇರಿದರೂ ಮಡಕೆಯೊಳಗೆ ನೀರು ನೀರಾಗಿ ಅಲುಗುತ್ತಲೇ ಇರುತ್ತದೆ. ಅದಕ್ಕೇ ಕೆನೆಯಮ್ಮ ಆ ಮಧ್ಯಾಹ್ನ ಮಡಕೆಗಳನ್ನೆಲ್ಲ ಒಲೆಯ ಹಿಂದಿನ ಕಟ್ಟೆಗೆ ಸಾಗಿಸಿ, ಒಂದೊಂದಕ್ಕೂ ಗೋಣಿ ಹೊದಿಸಿ, ಸಂದಿಗೆ ಒಣಹುಲ್ಲು ತುರುಕುತ್ತಿದ್ದಳು. ತುರುಕುವಾಗ ಬಲಪಕ್ಕೆ ಚುಳ್ ಎಂದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ನೋವು ಇಳಿದ ಮೇಲೆ ಮತ್ತೆ ಹುಲ್ಲು.

"ಅತ್ತೆ, ಬಿಡಿ, ನಾನು ಮಾಡ್ತೀನಿ," ಎಂದಳು ಸೊಸೆ, ಬೆಣ್ಣೆ ತೊಳೆಯುತ್ತಿದ್ದ ಕೈಯಲ್ಲೇ ಎದ್ದು ಬಂದು.

"ನೀನು ಮಾಡು. ನಾಳೆಯಿಂದ ನೀನೇ ಮಾಡೋದು. ಇವತ್ತು ಒಂದಿನ ನನ್ನ ಕೈಲಿರಲಿ."

ಕೆನೆಯಮ್ಮ ಎನ್ನುವುದು ಊರು ಇಟ್ಟ ಹೆಸರು. ಆರು ಮನೆಯ ಹಾಲು ಮತ್ತು ತನ್ನ ಮನೆಯ ಹಾಲು, ಒಟ್ಟು ಏಳು ಕ್ಯಾನು, ದಿನಾ ಬೆಳಿಗ್ಗೆ ಅವಳ ಹಾಲುಮನೆಗೆ ಬರುತ್ತದೆ. ಅದನ್ನೆಲ್ಲ ಒಂದೇ ಹಂಡೆಗೆ ಸುರಿದು ಕಾಯಿಸಿ ಮೊಸರು, ಬೆಣ್ಣೆ ಮಾಡಿ ಪೇಟೆಗೆ ಕಳಿಸುತ್ತಾಳೆ. ಸುರಿಯುವ ಮುಂಚೆ ಪ್ರತಿ ಕ್ಯಾನಿನಿಂದಲೂ ಒಂದು ಗುಟುಕು ಬಾಯಿಗೆ ಹಾಕಿಕೊಳ್ಳುತ್ತಾಳೆ. ಒಂದು ಕ್ಯಾನು ಹುಳಿ ತಿರುಗಿದ್ದರೆ ಹಂಡೆ ಪೂರ್ತಿ ಒಡೆಯುತ್ತದಲ್ಲ. ಮೂವತ್ತೆಂಟು ವರ್ಷದಿಂದ ಆ ನಾಲಿಗೆ ತಪ್ಪಿಲ್ಲ.

ಹಾಲಿನ ಹುಳಿ ಹಿಡಿಯುತ್ತಿದ್ದ ಕೆನೆಯಮ್ಮನಿಗೆ ತನ್ನ ಹೊಟ್ಟೆಯ ಹುಳಿ ಮಾತ್ರ ಕೈಗೆ ಸಿಕ್ಕಿರಲಿಲ್ಲ. ಮಲಗಿದರೆ ಎದೆ ಉರಿ, ಗಂಟಲಿಗೆ ಹುಳಿನೀರು. ಎರಡು ದಿಂಬು ಏರಿಸಿಕೊಂಡೇ ನಿದ್ದೆ. ಅದರ ಜೊತೆಗೆ ಈ ಪಕ್ಕೆನೋವು ಬಂದು ಎಂಟು ತಿಂಗಳಾಯಿತು. ಸ್ಕ್ಯಾನ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲು ಕಂಡಿತು. ತೆಗೆಯಲೇಬೇಕು ಎಂದರು. ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ಆಪರೇಷನ್. ಹೋದ ವಾರ ಅರಿವಳಿಕೆಯ, ಅಂದರೆ ಮತ್ತು ಕೊಡುವ, ಡಾಕ್ಟರು ಕೂರಿಸಿಕೊಂಡು ಎಲ್ಲ ವಿಚಾರಿಸಿ, ಹುಳಿತೇಗಿನ ಸಂಗತಿ ಕೇಳಿದ ಮೇಲೆ ಎರಡು ಮಾತ್ರೆ ಕೊಟ್ಟಿದ್ದರು. ಒಂದು ಇವತ್ತು ಮಲಗುವಾಗ, ಇನ್ನೊಂದು ನಾಳೆ ಬೆಳಿಗ್ಗೆ ಐದು ಗಂಟೆಗೆ.

ಸಂಜೆ ಸೂಜಿಯಕ್ಕ ಬಂದಳು. ಇವಳು ಊರಿನ ಆರೋಗ್ಯ ಕಾರ್ಯಕರ್ತೆ. ಮಕ್ಕಳಿಗೆ ಲಸಿಕೆ ಹಾಕಿಸುವವಳಾದ್ದರಿಂದ ಮಕ್ಕಳೇ ಹೀಗೆ ಕರೆದು ರೂಢಿಯಾಗಿ, ಈಗ ದೊಡ್ಡವರ ಬಾಯಲ್ಲೂ ಅದೇ.

"ದೊಡ್ಡಮ್ಮ, ನಾಳೆಗೆ ಎಲ್ಲ ತಯಾರಾ?"

"ತಯಾರು ನಾನಲ್ಲ, ಈ ಮಾತ್ರೆ. ನೋಡು ಇಲ್ಲಿ. ಕಲ್ಲು ಇರೋದು ಪಿತ್ತಕೋಶದಲ್ಲಿ, ಮಾತ್ರೆ ಕೊಟ್ಟಿರೋದು ಹೊಟ್ಟೆ ಹುಳಿಗೆ! ಮಂಡಿ ನೋವು ಅಂತ ಹೋದ್ರೆ ತಲೆಗೆ ಎಣ್ಣೆ ಹಚ್ಚಿ ಕಳಿಸಿದ ಹಾಗೆ."

ಸೂಜಿಯಕ್ಕ ಮಣೆ ಎಳೆದುಕೊಂಡು ಕುಳಿತಳು. "ಒಂದು ಮಾತು ಹೇಳಿ. ಮಲಗಿದ್ದಾಗ ಹುಳಿನೀರು ಗಂಟಲಿಗೆ ಬರುತ್ತಲ್ಲ, ಆಗೇನು ಮಾಡ್ತೀರಿ?"

"ಏನು ಮಾಡ್ತೀನಿ? ಕೆಮ್ಮು ಬರುತ್ತೆ, ಎದ್ದು ಕೂತ್ಕೊಂಡು ಉಗೀತೀನಿ."

"ಈಗ ಕೆಮ್ಮಿ ಅಂತ ನಿಮಗೆ ಯಾರು ಹೇಳ್ತಾರೆ?"

"ಹೇಳೋದೇನು, ತಾನಾಗೇ ಬರುತ್ತೆ."

"ನಾಳೆ ಬರಲ್ಲ ದೊಡ್ಡಮ್ಮ. ಮತ್ತಿನ ಔಷಧಿ ಕೊಟ್ಟ ಮೇಲೆ ನೀವೊಬ್ಬರೇ ಅಲ್ಲ, ನಿಮ್ಮ ಕೆಮ್ಮೂ ಮಲಗುತ್ತೆ. ಅನ್ನ ಇಳಿಯೋ ದಾರಿ, ಉಸಿರು ಇಳಿಯೋ ದಾರಿ, ಎರಡೂ ಗಂಟಲಲ್ಲಿ ಅಕ್ಕಪಕ್ಕ. ಹೊಟ್ಟೇಲಿರೋದು ಆಗ ಮೇಲೆ ಉಕ್ಕಿದ್ರೆ ತಡೆಯೋರಿಲ್ಲ. ಉಸಿರಿನ ದಾರಿಗೆ ಜಾರಿ ನೇರ ಶ್ವಾಸಕೋಶಕ್ಕೆ ಬೀಳುತ್ತೆ."

ಸೊಸೆ ಬೆಣ್ಣೆ ತೊಳೆಯುವುದನ್ನು ನಿಲ್ಲಿಸಿದಳು. "ಬಿದ್ರೆ ಏನಾಗುತ್ತಕ್ಕ?"

"ಕಾಯಿಸಿದ ಹಾಲಿಗೆ ಹುಳಿ ಬಿದ್ರೆ ಏನಾಗುತ್ತೆ ಅಂತ ಈ ಮನೇಲಿ ನಾನು ಹೇಳಬೇಕಾ? ಶ್ವಾಸಕೋಶ ಅದಕ್ಕಿಂತ ಸೂಕ್ಷ್ಮ. ಹೊಟ್ಟೆಯ ಹುಳಿ ತಾಗಿದ್ರೆ ಸುಟ್ಟ ಹಾಗೆ ಆಗಿ ಊದಿಕೊಳ್ಳುತ್ತೆ. ಆಮೇಲೆ ನ್ಯುಮೋನಿಯಾಕ್ಕೂ ತಿರುಗಬಹುದು. ಕಲ್ಲು ತೆಗೆದಿದ್ದು ಚೆನ್ನಾಗೇ ಆಗಿರುತ್ತೆ, ಆದ್ರೆ ಉಸಿರಾಟಕ್ಕೆ ಮಷೀನು ಹಾಕಿ ದಿನಗಟ್ಟಲೆ ಮಲಗಿಸಬೇಕಾಗುತ್ತೆ. ಎದ್ದು ಬರದೇ ಇದ್ದವರೂ ಇದ್ದಾರೆ. ಅಪರೂಪ, ಇಲ್ಲ ಅನ್ನಲ್ಲ. ಆದ್ರೆ ಹುಳಿತೇಗು ಇರೋರಿಗೆ ಅಪಾಯ ಸ್ವಲ್ಪ ಜಾಸ್ತಿ. ಅದಕ್ಕೇ ಹೊಟ್ಟೆ ಖಾಲಿ ಇಟ್ಕೊಂಡು ಬನ್ನಿ ಅನ್ನೋದು. ಖಾಲಿ ಹೊಟ್ಟೇಲೂ ಒಂದಿಷ್ಟು ಹುಳಿನೀರು ಇದ್ದೇ ಇರುತ್ತಲ್ಲ, ಅದರ ಹುಳಿ ತಗ್ಗಿಸೋಕೆ ಈ ಮಾತ್ರೆ."

"ಎಲ್ಲರಿಗೂ ಕೊಡ್ತಾರಾ?"

"ಇಲ್ಲ. ಯಾರಿಗೆ ಬೇಕು ಅಂತ ಡಾಕ್ಟರು ನೋಡಿ ಕೊಡ್ತಾರೆ. ನಿಮಗೆ ಬೇಕು ಅನ್ನಿಸಿದೆ, ಕೊಟ್ಟಿದ್ದಾರೆ." ಸೂಜಿಯಕ್ಕ ಆಸ್ಪತ್ರೆಯ ಚೀಟಿ ಬಿಡಿಸಿ ಓದಿದಳು. "ರಾತ್ರಿ ಎಂಟಕ್ಕೆ ಹಗುರವಾಗಿ ಊಟ. ಆಮೇಲೆ ತಿನ್ನೋದು ಏನೂ ಇಲ್ಲ, ಹಾಲೂ ಇಲ್ಲ. ಬೆಳಿಗ್ಗೆ ಐದಕ್ಕೆ ಮಾತ್ರೆ, ಗುಟುಕು ನೀರಲ್ಲಿ. ಬಾಯಾರಿದ್ರೆ ಏಳು ಗಂಟೆವರೆಗೂ ಬರೀ ನೀರು ಸ್ವಲ್ಪ ಕುಡೀಬಹುದು."

"ನೀರು ಆಗುತ್ತೆ, ಹಾಲು ಯಾಕಾಗಲ್ಲ? ಅದೂ ಕುಡಿಯೋದೇ ತಾನೆ?"

"ಹೊಟ್ಟೆಗೆ ಹೋದ ಹಾಲು ಹಾಲಾಗೇ ಉಳಿಯುತ್ತಾ ದೊಡ್ಡಮ್ಮ? ಹುಳಿ ತಾಗಿದ ಕೂಡಲೇ ಗಡ್ಡೆ. ನೀರು ಬೇಗ ಇಳಿದು ಹೋಗುತ್ತೆ, ಆ ಗಡ್ಡೆ ಕರಗೋಕೆ ಆರು ಗಂಟೆ ಬೇಕು."

ಕೆನೆಯಮ್ಮ ನಕ್ಕಳು. "ನನ್ನ ವಿದ್ಯೇನ ನನಗೇ ಮಾರ್ತೀಯಲ್ಲೇ!" ಎಂದಳು. ರಾತ್ರಿ ಮಲಗುವ ಮುಂಚೆ ಮೊದಲ ಮಾತ್ರೆಯನ್ನು ನುಂಗಿದಳು.

ಬೆಳಿಗ್ಗೆ ಐದಕ್ಕೆ ಎದ್ದಳು. ಸೊಸೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು, ಮಗ ಹೊರಗೆ ವ್ಯಾನಿನ ಗಾಜಿನ ಮೇಲಿನ ಇಬ್ಬನಿ ಒರೆಸುತ್ತಿದ್ದ. ಕೆನೆಯಮ್ಮ ಎರಡನೇ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ನಿಂತಳು. ನಿನ್ನೆ ಕೇಳಿದಾಗ ಎಲ್ಲ ಸರಿಯೆನಿಸಿತ್ತು. ಈಗ ಒಬ್ಬಳೇ ನಿಂತಾಗ ಅನುಮಾನ ತಲೆಯೆತ್ತಿತು. ಖಾಲಿ ಹೊಟ್ಟೆಯಲ್ಲಿ ಬಾ ಎಂದವರೇ ನುಂಗು ಎನ್ನುತ್ತಾರಲ್ಲ? ಅಲ್ಲಿಗೆ ಹೋಗಿ ಇನ್ನೊಂದು ಸಲ ಕೇಳಿಯೇ ನುಂಗಿದರಾಯಿತು ಎಂದುಕೊಂಡು ಅದನ್ನು ಕೈಚೀಲದೊಳಗೆ ಹಾಕಿದಳು.

ಅಷ್ಟರಲ್ಲಿ ಕ್ಯಾನುಗಳು ಬಂದವು. ಕೆನೆಯಮ್ಮ ಒಂದೊಂದರದೇ ಮುಚ್ಚಳ ತೆಗೆದು, ಸೌಟಿನಲ್ಲಿ ಎತ್ತಿ, ಬಾಯಿಗೆ ಹಾಕಿಕೊಂಡು, ನುಂಗಿ, ತಲೆಯಾಡಿಸಿ, ಹಂಡೆಗೆ ಸುರಿದಳು. ಏಳು ಕ್ಯಾನು, ಏಳು ಗುಟುಕು. ಅವಳ ಪಾಲಿಗೆ ಅದು ತಿಂದಿದ್ದೂ ಅಲ್ಲ, ಕುಡಿದಿದ್ದೂ ಅಲ್ಲ, ಕೆಲಸ.

ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಎಂಟು ಮಂಚ. ಎದೆಮಟ್ಟದವರೆಗೆ ಹಸಿರು ಬಣ್ಣ ಬಳಿದ ಗೋಡೆ, ಫಿನಾಯಿಲಿನ ವಾಸನೆ, ಪ್ರತಿ ಮಂಚದ ತುದಿಗೂ ರೋಗಿಯ ವಿವರ ಬರೆದು ನೇತುಹಾಕಿದ ರಟ್ಟು. ಕೆನೆಯಮ್ಮನ ಪಕ್ಕದ ಮಂಚದಲ್ಲಿ ಗಾರೆ ಕೆಲಸದ ಹೆಂಗಸೊಬ್ಬಳು ಕುಳಿತಿದ್ದಳು. ನಲವತ್ತರ ಆಸುಪಾಸು, ಸಿಮೆಂಟು ತಿಂದು ಬಿರುಕುಬಿಟ್ಟ ಅಂಗೈ. ಹೊಕ್ಕುಳಿನ ಹರ್ನಿಯಾ ಆಪರೇಷನ್‌ಗೆ ಬಂದವಳು.

"ನಿಮ್ಮದು ಎಷ್ಟೊತ್ತಿಗಮ್ಮ?" ಎಂದು ಅವಳೇ ಮಾತು ತೆಗೆದಳು.

"ಒಂಬತ್ತೂವರೆಗಂತೆ. ನಿಂದು?"

"ಮಧ್ಯಾಹ್ನ ಎರಡೂವರೆಗೆ. ನಿನ್ನೆ ಸಂಜೆಯಿಂದ ಒಂದು ಹನಿ ನೀರೂ ಬಾಯಿಗೆ ಬಿಟ್ಟಿಲ್ಲ ನೋಡಿ. ನಾಲಿಗೆ ಮರಳುಕಾಗದ ಆಗೋಗಿದೆ."

ಸಿಸ್ಟರ್ ರಟ್ಟು ಹಿಡಿದು ಬಂದಳು. "ಅಮ್ಮ, ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ, ಕುಡಿದ್ರಾ?"

"ಇಲ್ಲಮ್ಮ. ನೀರೂ ಮುಟ್ಟಿಲ್ಲ," ಎಂದಳು ಕೆನೆಯಮ್ಮ. ಸುಳ್ಳು ಹೇಳಿದೆ ಎಂದು ಅವಳಿಗೆ ಅನಿಸಲೇ ಇಲ್ಲ.

ಅತ್ತ ಯಾರೋ ಕರೆದರೆಂದು ಸಿಸ್ಟರ್ ಹೋದಳು. ಸ್ಕ್ಯಾನಿನ ಕಾಗದಕ್ಕೆಂದು ಕೈಚೀಲ ತಡಕುತ್ತಿದ್ದ ಸೊಸೆಯ ಕೈಗೆ ಮಾತ್ರೆ ಸಿಕ್ಕಿತು.

"ಅತ್ತೆ, ಇದೇನಿದು? ಇಲ್ಲೇ ಇದೆ?"

"ಕೇಳಿ ನುಂಗೋಣ ಅಂತ. ಹೊಟ್ಟೆ ಖಾಲಿ ಇರಬೇಕಂತಲ್ಲ."

ಸೊಸೆ ಮಾತ್ರೆಯನ್ನೂ ಅತ್ತೆಯ ಮುಖವನ್ನೂ ನೋಡಿದಳು. ಏನೋ ಹೊಳೆದ ಹಾಗಾಯಿತು. "ಬೆಳಿಗ್ಗೆ ಕ್ಯಾನು ನೋಡಿದ್ದು ಯಾರು?"

"ಇನ್ಯಾರು ನೋಡಬೇಕು? ನಾನೇ."

"ಹೇಗೆ ನೋಡಿದ್ರಿ?"

"ಹೇಗೆ ಅಂದ್ರೆ? ದಿನಾ ನೋಡೋ ಹಾಗೆ."

"ಬಾಯಿಗೆ ಹಾಕ್ಕೊಂಡು ಉಗಿದ್ರಾ?"

"ಯಾರಾದ್ರೂ ಹಾಲು ಉಗೀತಾರೇನೇ!"

"ಅಲ್ಲ ಅತ್ತೆ, ಬೇಳೆಯಷ್ಟು ಮಾತ್ರೆ ನುಂಗಿದ್ರೆ ಹೊಟ್ಟೆ ತುಂಬುತ್ತೆ, ಏಳು ಗುಟುಕು ಹಾಲಿಗೆ ತುಂಬಲ್ವಾ?"

ಪಕ್ಕದ ಗಾರೆಯವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ, ನಗಿಸಬೇಡಿ ಪುಣ್ಯಾತ್ಗಿತ್ತೀರಾ. ಹೊಕ್ಕುಳು ಕಿತ್ಕೊಂಡು ಬರುತ್ತೆ!"

ಕೆನೆಯಮ್ಮನಿಗೆ ನಗು ಬರಲಿಲ್ಲ. ಸೂಜಿಯಕ್ಕನ ಮಾತು ಈಗ ತಾನೇ ಕೇಳಿದಂತೆ ಕಿವಿಗೆ ಬಂತು. ಆದರೂ ಸೊಸೆಯ ಮಣಿಕಟ್ಟು ಹಿಡಿದಳು.

"ಸುಮ್ಮನಿರು. ಯಾರಿಗೂ ಹೇಳಬೇಡ."

"ಅತ್ತೆ!"

"ಹೇಳಿದ್ರೆ ವಾಪಸ್ ಕಳಿಸ್ತಾರೆ. ಎಂಟು ತಿಂಗಳು ಧೈರ್ಯ ಕೂಡಿಹಾಕಿಕೊಂಡು ಇವತ್ತು ಬಂದಿದ್ದೀನಿ. ಮನೆಗೆ ಹೋದ್ರೆ ಇನ್ನೊಂದು ಸಲ ಈ ಮೆಟ್ಟಿಲು ಹತ್ತೋಳಲ್ಲ ನಾನು. ಆ ನೋವಲ್ಲೇ ಸಾಯ್ತೀನಿ, ಅಷ್ಟೆ."

ಮಗ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. "ಏಳು ಗುಟುಕು ತಾನೆ? ಈಗಾಗಲೇ ಅರಗಿರುತ್ತೆ ಬಿಡೆ. ಅಮ್ಮ ಹೇಳೋದೂ ಸರಿ, ಅಮ್ಮನ್ನ ಮತ್ತೆ ಹೊರಡಿಸೋಕೆ ನನ್ನ ಕೈಲಾಗಲ್ಲ."

ಸೊಸೆ ಮಾತ್ರೆಯನ್ನು ಮುಷ್ಟಿಯೊಳಗೆ ಹಿಡಿದುಕೊಂಡಳು. ಮದುವೆಯಾಗಿ ಬಂದು ಆರು ವರ್ಷದಲ್ಲಿ ಅತ್ತೆಯ ಮಾತನ್ನು ಹೊರಗಿನವರ ಮುಂದೆ ಮುರಿದವಳಲ್ಲ. ಗೋಡೆಯ ಗಡಿಯಾರದಲ್ಲಿ ಎಂಟು ಹತ್ತಾಗಿತ್ತು.

"ಅರಗಿದೆಯೋ ಇಲ್ವೋ ಅಂತ ನಿಮಗೆ ಗೊತ್ತಾ? ನನಗೆ ಗೊತ್ತಿಲ್ಲ. ಗೊತ್ತಿರೋರು ಆ ಬಾಗಿಲಾಚೆ ಇದ್ದಾರೆ," ಎಂದಳು ಗಂಡನಿಗೆ. ಅತ್ತೆಯ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. "ಮನೆಗೆ ಹೋದ ಮೇಲೆ ಎಷ್ಟು ಬೇಕಾದ್ರೂ ಬೈಯಿರಿ, ಬೈಸಿಕೊಳ್ತೀನಿ. ಬೈಯೋಕೆ ನೀವು ಇರಬೇಕಲ್ಲ ಅತ್ತೆ."

ಹೋಗಿ ಸಿಸ್ಟರಿಗೆ ಹೇಳಿಯೇಬಿಟ್ಟಳು.

ಐದು ನಿಮಿಷದಲ್ಲಿ ಮತ್ತು ಕೊಡುವ ಡಾಕ್ಟರು ಬಂದರು. ಸಣ್ಣ ಪ್ರಾಯದ ಹೆಣ್ಣುಮಗಳು, ತಲೆಗೆ ಹಸಿರು ಟೋಪಿ. ಬೈಯುತ್ತಾರೆಂದು ಕೆನೆಯಮ್ಮ ತಲೆ ತಗ್ಗಿಸಿ ಕೂತಿದ್ದಳು. ಡಾಕ್ಟರು ಮಂಚದ ಅಂಚಿಗೆ ಕುಳಿತರು.

"ಎಷ್ಟು ಹೊತ್ತಿಗಮ್ಮ, ಹಾಲು?"

"ಐದೂಕಾಲಿರಬೇಕು. ಕುಡೀಲಿಲ್ಲ ತಾಯಿ, ರುಚಿ ನೋಡಿದೆ."

"ಎಷ್ಟು ರುಚಿ?" ಡಾಕ್ಟರು ಔಷಧಿ ಅಳೆಯುವ ಕಪ್ಪಿನ ಜೊತೆ ನೀರು ತರಿಸಿದರು. "ಬೆಳಿಗ್ಗೆ ಹಾಕ್ಕೊಂಡಷ್ಟೇ ಬಾಯಿಗೆ ಹಾಕ್ಕೊಳ್ಳಿ. ನುಂಗಬೇಡಿ, ಇದಕ್ಕೆ ಉಗೀರಿ."

ಕೆನೆಯಮ್ಮ ನಾಚಿಕೊಂಡೇ ಉಗಿದಳು. ನೀರು ಕಪ್ಪಿನ ಮೂವತ್ತು ಮಿಲಿ ಗೆರೆ ಮುಟ್ಟಿತು.

"ಇಂಥವು ಏಳು. ಅಂದ್ರೆ ಒಂದು ಲೋಟ ತುಂಬಾ ಹಾಲು. ಇನ್ನೂ ಮೂರು ಗಂಟೆ ಆಗಿದೆ ಅಷ್ಟೆ. ಹೊಟ್ಟೇಲಿ ಗಡ್ಡೆ ಕಟ್ಕೊಂಡು ಕೂತಿರುತ್ತೆ, ಹುಳಿ ಇಳಿಸೋ ಮಾತ್ರೆಯೂ ಹೋಗಿಲ್ಲ. ಹೀಗೇ ಮತ್ತು ಕೊಟ್ಟಿದ್ದಿದ್ರೆ..." ಡಾಕ್ಟರು ಕಪ್ಪನ್ನು ಕೆಳಗಿಟ್ಟರು. ಸೊಸೆಯ ಕಡೆ ತಿರುಗಿದರು. "ಹೇಳಿದ್ದು ಒಳ್ಳೇದಾಯ್ತು."

"ಹಾಗಾದ್ರೆ ವಾಪಸ್ಸಾ?" ಎಂದಳು ಕೆನೆಯಮ್ಮ.

"ಯಾಕೆ ವಾಪಸ್ಸು? ಆರು ಗಂಟೆ ತುಂಬಿದ ಮೇಲೆ ಮಾಡೋಣ. ಬೆಳಗಿನ ಸರದಿಗೆ ಬೇರೆ ಯಾರಾದ್ರೂ ತಯಾರಿದ್ರೆ..."

"ನಾನಿದ್ದೀನಲ್ಲ!" ಗಾರೆಯವಳು ಮಂಚದಿಂದ ಇಳಿದೇಬಿಟ್ಟಳು. "ನನ್ನ ಹೊಟ್ಟೆ ನಿನ್ನೆ ಸಂಜೆಯಿಂದ ಗುಡಿಸಿ ಸಾರಿಸಿ ಇಟ್ಟಿದ್ದೀನಿ."

ಡಾಕ್ಟರು ಅವಳ ರಟ್ಟು ನೋಡಿದರು. "ಮಧ್ಯಾಹ್ನದ ಆಪರೇಷನ್‌ಗೆ ನಿನ್ನೆ ಸಂಜೆಯಿಂದಲೇ ನೀರೂ ಯಾಕೆ ಬಿಟ್ರಿ? ಹನ್ನೆರಡೂವರೆವರೆಗೂ ನೀರು ಕುಡೀಬಹುದು ಅಂತ ಇಲ್ಲೇ ಬರೆದಿದೆಯಲ್ಲ."

"ಒಂದು ಕೈ ಹೆಚ್ಚೇ ಇರಲಿ ಅಂತ. ಸಿಮೆಂಟೂ ನಾನು ಹಾಗೇ ಹಾಕೋದು."

"ನೀವು ಗೋಡೆಯಲ್ಲ ಕಣಮ್ಮ. ಮೈಯಲ್ಲಿ ನೀರು ಬತ್ತಿದ್ರೆ ಸುಸ್ತು, ತಲೆಸುತ್ತು. ಹೇಳಿದ್ದಕ್ಕಿಂತ ಕಡಿಮೆ ಉಪವಾಸವೂ ಬೇಡ, ಹೆಚ್ಚು ಉಪವಾಸವೂ ಬೇಡ."

ಡಾಕ್ಟರು ಒಳಗೆ ಹೋಗಿ ಆಪರೇಷನ್ ಮಾಡುವವರ ಹತ್ತಿರ ಮಾತಾಡಿ ಬಂದರು. ಸರದಿ ಅದಲುಬದಲಾಯಿತು. ಗಾರೆಯವಳ ಕೈಗೆ ಸೂಜಿ ಚುಚ್ಚಿ ಡ್ರಿಪ್ ಏರಿಸಿ ಒಂಬತ್ತೂವರೆಗೆ ಕರೆದೊಯ್ದರು. ಹನ್ನೆರಡಕ್ಕೆ ಸಿಸ್ಟರ್ ಬಂದು, ಎದುರಿಗೇ ನಿಂತು, ಗುಟುಕು ನೀರಿನಲ್ಲಿ ಕೆನೆಯಮ್ಮನಿಗೆ ಆ ಮಾತ್ರೆ ನುಂಗಿಸಿದಳು. "ಬಾಯಿ ತೆಗೀರಿ, ನೋಡ್ತೀನಿ," ಎಂದು ನಾಲಿಗೆಯಡಿಯನ್ನೂ ನೋಡಿದಳು.

"ನನ್ನ ಮೇಲೆ ನಂಬಿಕೆ ಇಲ್ವಾ?"

"ನಿಮ್ಮ ಮೇಲಿದೆಯಮ್ಮ. ನಿಮ್ಮ ನಾಲಿಗೆ ಮೇಲೆ ಇಲ್ಲ."

ಎರಡೂವರೆಗೆ ಕೆನೆಯಮ್ಮನನ್ನು ಒಳಗೆ ಕರೆದುಕೊಂಡು ಹೋದರು. ಮಗ ಹೊರಗಿನ ಬೆಂಚಿನಲ್ಲಿ ಉಗುರು ಕಚ್ಚುತ್ತಾ ಕೂತ. ಸ್ವಲ್ಪ ಹೊತ್ತಾದ ಮೇಲೆ, ಪಕ್ಕದಲ್ಲಿದ್ದ ಹೆಂಡತಿಗೆ ಕೇಳುವಷ್ಟೇ ದನಿಯಲ್ಲಿ, "ನಾನು ಹೇಳಿದ ಹಾಗೆ ಕೇಳಿದ್ದಿದ್ರೆ..." ಎಂದ. ಅವಳು ಅವನ ಕೈಯನ್ನು ಬಾಯಿಂದ ಈಚೆಗೆ ಎಳೆದು ತನ್ನ ಕೈಯೊಳಗೆ ಇಟ್ಟುಕೊಂಡಳು.

ಸಂಜೆ ಕೆನೆಯಮ್ಮ ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು ಹಳದಿಯಾಗಿತ್ತು. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಎಡ, ಬಲ ಎರಡೂ ಕಡೆ ಕೇಳಿದರು. "ಉಸಿರು ಸ್ವಚ್ಛವಾಗಿದೆ. ಕಲ್ಲು ನೋಡ್ತೀರಾ?" ಎಂದು ಡಬ್ಬಿ ತೋರಿಸಿದರು. ಕಡಲೆಕಾಳಿನಷ್ಟರವು ಐದು ಇದ್ದವು.

"ಇಷ್ಟಕ್ಕೇನಾ ನಾನು ಎಂಟು ತಿಂಗಳು ಕಿರುಚಾಡಿದ್ದು?" ಎಂದಳು ಕೆನೆಯಮ್ಮ. ಆಮೇಲೆ ಸೊಸೆಯನ್ನು ಹತ್ತಿರ ಕರೆದು, ಅವಳ ಕೆನ್ನೆ ಸವರಿ, "ಊಟ ಮಾಡಿದೆಯಾ?" ಎಂದಳು. ಸೊಸೆಗೆ ಅಷ್ಟು ಸಾಕಾಯಿತು.

ಪಕ್ಕದ ಮಂಚದಿಂದ ಗಾರೆಯವಳು ಕೂಗಿದಳು. "ಅಮ್ಮ, ನಿಮ್ಮ ಋಣ ನನ್ನ ಮೇಲಿದೆ. ನೀವು ಹಾಲು ಕುಡಿದಿದ್ದಕ್ಕೆ ನನ್ನ ಉಪವಾಸ ಐದು ಗಂಟೆ ಮುಂಚೆ ಮುಗೀತು."

"ಹೋಗೇ. ನನ್ನ ತಪ್ಪಿಗೆ ಸರದಿ ಬಿಟ್ಟುಕೊಟ್ಟೋಳು ನೀನು. ಋಣ ನನ್ನದು."

"ಅದೆಲ್ಲ ಆಗಲ್ಲ, ನನ್ನದೇ."

"ಇಬ್ಬರೂ ಸುಮ್ಮನೆ ಮಲಗಿ, ಹೊಲಿಗೆ ಬಿಚ್ಚುತ್ತೆ," ಎಂದು ಸಿಸ್ಟರ್ ಗದರಿಸಿದ ಮೇಲೆ ಜಗಳ ನಿಂತಿತು.

ನಿಂತಿತು ಎಂದರೆ ಮೂರು ತಿಂಗಳ ಮಟ್ಟಿಗೆ. ಭಾರ ಎತ್ತಬಹುದು ಎಂದು ಡಾಕ್ಟರು ಹೇಳಿದ ವಾರವೇ ಗಾರೆಯವಳು ಕರಣೆ, ಮಟ್ಟಗೋಲು ಹಿಡಿದು ಹುಡುಕಿಕೊಂಡು ಬಂದಳು. ಜೊತೆಗೆ ಅವಳ ತಂಗಿ, ಏಳು ತಿಂಗಳ ಬಸುರಿ. ಗಾರೆಯವಳು ಅಲ್ಲಲ್ಲಿ ನೀರು ನಿಂತಿದ್ದ ಹಾಲುಮನೆಯ ನೆಲ ನೋಡಿ ತಲೆ ಚಚ್ಚಿಕೊಂಡಳು. ಎರಡು ದಿನ ಕೂತು, ನೀರು ಒಂದೇ ಮೂಲೆಗೆ ಹರಿಯುವ ಹಾಗೆ ಇಳಿಜಾರು ಕೊಟ್ಟು ಹೊಸ ಗಾರೆ ಹಾಕಿದಳು. ಆ ಎರಡು ದಿನವೂ ಕೆನೆಯಮ್ಮ ಹೊಸ್ತಿಲ ಮೇಲೆ ಕೂತು ತಂಗಿಗೆ ಪಾಠ ಹೇಳಿದಳು.

"ಹೆರಿಗೆಗೆ ಹೋದಾಗ ಆಪರೇಷನ್ ಆದರೂ ಆಗಬಹುದು. ಕೊನೇ ಸಲ ಏನು ತಿಂದೆ, ಎಷ್ಟೊತ್ತಿಗೆ ತಿಂದೆ, ಕೇಳಿದ ಕೂಡಲೇ ಹೇಳಬೇಕು. ಒಂದು ತುತ್ತಾದ್ರೂ ಹೇಳಬೇಕು. ಹುಳಿ ಇಳಿಸೋಕೆ ಔಷಧಿ ಕೊಟ್ರೆ ಕೈಚೀಲಕ್ಕೆ ಹಾಕಬೇಡ. ನನ್ನ ಹಾಗೆ."

"ಆಯ್ತಮ್ಮ."

"ಆಯ್ತು ಅನ್ನೋದಲ್ಲ. ತಿರುಗಿ ಹೇಳು, ನೋಡೋಣ."

ಕೂಲಿ ಎಂದರೆ ಗಾರೆಯವಳು ಕೈ ಮುಂದೆ ಮಾಡಲಿಲ್ಲ. "ನನ್ನ ಋಣ ತೀರಿತು," ಎಂದಳು. ಕೆನೆಯಮ್ಮ ಒಪ್ಪಲಿಲ್ಲ. ತೀರಿಸಬೇಕಾದವಳು ತಾನು ಎಂದು ಒಂದು ಮಡಕೆ ಗಟ್ಟಿ ಮೊಸರನ್ನೂ, ಅದರ ಮೇಲೊಂದು ಉಂಡೆ ಬೆಣ್ಣೆಯನ್ನೂ ತಂಗಿಯ ಕೈಗೆ ಕೊಟ್ಟು ಕಳಿಸಿದಳು. ಮುಂದಿನ ವಾರ ಗಾರೆಯವಳು ಖಾಲಿ ಮಡಕೆ ವಾಪಸ್ ತರುವ ನೆಪದಲ್ಲಿ ಬಂದು ಕೊಟ್ಟಿಗೆಯ ಗೋಡೆಯ ಬಿರುಕನ್ನೂ ಮುಚ್ಚಿ ಹೋದಳು. ಯಾರು ಯಾರಿಗೆ ಬಾಕಿ ಎನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಇಬ್ಬರಿಗೂ ಅವಸರವಿದ್ದಂತೆಯೂ ಕಾಣುವುದಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ದಿನ ಗೊತ್ತಾಗಿದೆಯೇ? ಹಾಗಾದರೆ ಡಾಕ್ಟರು ಕೊಟ್ಟ ಚೀಟಿಯನ್ನು ಈಗಲೇ ತೆಗೆದು ಮನೆಯವರೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿ. ಊಟ ಯಾವಾಗ ನಿಲ್ಲಿಸಬೇಕು, ಬರೀ ನೀರನ್ನು ಎಷ್ಟು ಗಂಟೆಯವರೆಗೆ ಕುಡಿಯಬಹುದು ಎಂದು ಅರ್ಥವಾಗದಿದ್ದರೆ ಮುಂಚಿತವಾಗಿಯೇ ಕೇಳಿ. ಹಾಲು, ಹಾಲು ಬೆರೆಸಿದ ಟೀ ಕಾಫಿ, ಗಂಜಿ, ಇವು ಯಾವುವೂ ನೀರಲ್ಲ. ಅಡುಗೆಯ ಉಪ್ಪು ನೋಡಿದ್ದು, ಮಗುವಿನ ತಟ್ಟೆಯಲ್ಲಿ ಉಳಿದ ತುತ್ತು ಬಾಯಿಗೆ ಹಾಕಿಕೊಂಡಿದ್ದು, ಎಲ್ಲವೂ ಲೆಕ್ಕಕ್ಕೆ ಸೇರುತ್ತದೆ. ಎದೆ ಉರಿ, ಹುಳಿತೇಗು ಇದ್ದರೆ ನಾಚಿಕೆ ಬಿಟ್ಟು ಹೇಳಿ. ದಿನವೂ ತೆಗೆದುಕೊಳ್ಳುವ ಮಾತ್ರೆಗಳಿದ್ದರೆ ಅವನ್ನೂ ತೋರಿಸಿ. ಹೊಟ್ಟೆಯ ಹುಳಿ ಇಳಿಸುವ ಮಾತ್ರೆ ಕೊಟ್ಟಿದ್ದರೆ ಹೇಳಿದ ಹೊತ್ತಿಗೆ, ಹೇಳಿದ ಹಾಗೆ ನುಂಗಿ. ಕೊಡದಿದ್ದರೆ ನೀವಾಗಿ ಕೊಂಡು ನುಂಗಬೇಡಿ. ಇಷ್ಟಾದರೂ ಮರೆತು ಏನಾದರೂ ತಿಂದರೆ, ಮತ್ತಿನ ಔಷಧಿ ಕೊಡುವ ಮುಂಚೆ ಬಾಯಿಬಿಟ್ಟು ಹೇಳಿ. ಆಪರೇಷನ್ ಕೆಲವು ಗಂಟೆ ತಡವಾಗಬಹುದು, ಒಂದು ದಿನ ಮುಂದೆ ಹೋಗಬಹುದು, ಅಷ್ಟೇ. ನಿಮ್ಮವರು ಹೇಳಲು ಹಿಂಜರಿದರೆ, ಅವರ ಪರವಾಗಿ ನೀವು ಎದ್ದು ಹೋಗಿ ಹೇಳಿ.